ಲಿಂಗಸುಗೂರಿನಿಂದ ಸಿಂಧನೂರಿಗೆ ಇಪ್ಪತ್ತೊಂದು ನಿಮಿಷ

ಲಿಂಗಸುಗೂರಿನಿಂದ ಸಿಂಧನೂರಿಗೆ ಎಷ್ಟು ದೂರ ಎಂದು ನಮ್ಮ ಕಚೇರಿಯಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗುತ್ತಿತ್ತು. ಹತ್ತು ಹರದಾರಿ ಎನ್ನುವವರಿದ್ದರು, ಹನ್ನೆರಡು ಎನ್ನುವವರಿದ್ದರು. ಎತ್ತು ಗಟ್ಟಿಯಿದ್ದರೆ ಒಂದು ದಿನ, ದಾರಿಯಲ್ಲಿ ಮಸ್ಕಿಯ ಬೀಗರು ಕಂಡರೆ ಎರಡು ದಿನ ಎಂದು ಲೆಕ್ಕ ಹಾಕುವವರೂ ಇದ್ದರು. ಆದರೆ ಆ ದಿನ ತಹಸೀಲ್ದಾರ ಸಾಹೇಬರು ಕೇಳಿದ ಪ್ರಶ್ನೆ ಬೇರೆ.

"ಹಾರಿ ಹೋದರ ಎಷ್ಟು ದೂರ ಆಗತದ?"

ನಾನು ಹಿಂದಕ್ಕೆ ತಿರುಗಿ ನೋಡಿದೆ. ನನ್ನ ಹಿಂದೆ ಗೋಡೆ ಬಿಟ್ಟು ಯಾರೂ ಇರಲಿಲ್ಲ.

"ನಿಮಗ ಕೇಳಾಕತ್ತೀನ್ರಿ, ಮೋಜಣಿದಾರ್ರ. ಮ್ಯಾಲಿಂದ ಹುಕುಂ ಬಂದದ. ಇಲ್ಲಿ ಒಂದು ಮೈದಾನ, ಸಿಂಧನೂರಾಗ ಒಂದು ಮೈದಾನ. ನಡುವ ಹವಾಯಿ ಜಹಾಜು ಹಾರತದ. ಒಳಗ ದೊಡ್ಡ ಸಾಹೇಬರು ಕುಂತಿರ್ತಾರ. ದೂರ ಎಷ್ಟು, ವಕ್ತ್ ಎಷ್ಟು, ಎರಡೂ ಬರದು ಕೊಡ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಆಗ ನಿಜಾಮ ಸರ್ಕಾರದ ಕಾಲ. ನನಗೆ ನಲವತ್ತೈದು ದಾಟಿತ್ತು. ಹೊಲದ ಬದು ಅಳೆಯುವುದು ನನ್ನ ಉದ್ಯೋಗ, ಅಳೆದದ್ದು ತಪ್ಪಾಯಿತೇನೋ ಎಂದು ಚಿಂತಿಸುವುದು ನನ್ನ ಸ್ವಭಾವ. ಎರಡನ್ನೂ ಪ್ರಾಮಾಣಿಕವಾಗಿ ಮಾಡಿಕೊಂಡು ಬಂದಿದ್ದೆ. ಬಾಗಿಲಿಗೆ ಬೀಗ ಹಾಕಿ ಓಣಿಯ ತುದಿಯವರೆಗೆ ಹೋಗಿ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ತಿರುಗಿ ಬರುವವನು ನಾನು. ಅಂಥವನ ಕೈಗೆ ದೊಡ್ಡ ಸಾಹೇಬರ ಜೀವ ಕೊಟ್ಟಿದ್ದರು. ಹೇಗೆಂದರೆ, ವಿಮಾನದ ಚಾಲಕ ದಿಕ್ಸೂಚಿ ಹಿಡಿದು ನೇರವಾಗಿ ಹಾರುತ್ತಾನೆ. ನಾನು ಬರೆದುಕೊಟ್ಟಷ್ಟು ನಿಮಿಷ ಆದ ಕೂಡಲೇ ಕೆಳಗೆ ನೋಡುತ್ತಾನೆ. ಅಲ್ಲಿ ನೆಲದ ಮೇಲೆ ಸುಣ್ಣದಲ್ಲಿ ಎಳೆದ ದೊಡ್ಡದೊಂದು ದುಂಡು ಗೆರೆ ಇರಬೇಕು. ಸರಿಯಾಗಿ ಅದೇ ನಿಮಿಷಕ್ಕೆ ಪಕ್ಕದಲ್ಲಿ ಹೊಗೆ ಏಳಬೇಕು. ಲೆಕ್ಕ ತಪ್ಪಿದರೆ ಸಾಹೇಬರು ಎಲ್ಲಿ ಇಳಿಯುತ್ತಾರೋ, ನನ್ನ ನೌಕರಿಯೂ ಅಲ್ಲೇ ಇಳಿಯುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರು ಮಾಡಿದೆ. ಹಾರುವ ದಾರಿ ಎಂದರೆ ನೇರ ದಾರಿ, ಆದ್ದರಿಂದ ನೇರವಾಗಿಯೇ ಅಳೆಯಬೇಕು ಎಂದು ನನ್ನ ಮೊದಲ ಅಂದಾಜು. ಮಸ್ಕಿಯ ಗುಡ್ಡ ಹೆಚ್ಚುಕಮ್ಮಿ ನಡುವೆ ಬರುತ್ತದೆ. ಅದರ ನೆತ್ತಿಯ ಮೇಲೆ ಬಿದಿರಿಗೆ ಬಿಳಿ ಬಟ್ಟೆ ಕಟ್ಟಿ ನಿಲ್ಲಿಸಿ, ಲಿಂಗಸುಗೂರಿನ ಮೈದಾನದಿಂದ ಅದರ ದಿಕ್ಕಿಗೆ ಸರಪಳಿ ಎಳೆಯತೊಡಗಿದೆವು. ಸರಪಳಿಯ ಇನ್ನೊಂದು ತುದಿ ಹಿಡಿದವನು ಪಾಮನಕಲ್ಲೂರಿನವನು. ನನಗಿಂತ ಹಿರಿಯ, ಮಾತಿನಲ್ಲಂತೂ ಬಹಳ ಹಿರಿಯ.

ಮೊದಲ ದಿನ ನೇರ ಗೆರೆ ಒಂದು ಕುರಿಹಟ್ಟಿಯೊಳಗೆ ಹೋಯಿತು. ಎರಡನೆಯ ದಿನ ತೆನೆ ತುಂಬಿ ನಿಂತ ಬಿಳಿಜೋಳದೊಳಗೆ ಹೋಯಿತು. ಹೊಲದವನು ಕವಣೆ ಹಿಡಿದು ಅಟ್ಟದಿಂದ ಇಳಿದು ಬಂದ. ಹಕ್ಕಿಗೆ ಹೊಡೆಯುವ ಕಲ್ಲು ನಮಗೂ ಸಾಕಾಗುತ್ತದೆ ಎಂದು ವಿನಯದಿಂದಲೇ ತಿಳಿಸಿದ. ಅದನ್ನು ಸುತ್ತಿ ಮುಂದೆ ಹೋದರೆ ಗೆರೆ ಸೀದಾ ಒಂದು ಬಾವಿಗೆ ಬಂದು ನಿಂತಿತು.

ಸರಪಳಿಯವನು ಬಾವಿಯೊಳಗೆ ಬಗ್ಗಿ ನೋಡಿದ. "ಇಳೀಲೇನ್ರಿ, ಸಾಹೇಬ್ರ?"

"ಯಾಕ?"

"ಗೆರಿ ನೆಟ್ಟಗ ಹೋಗಬೇಕಂತೀರಲ್ರಿ. ಹಕ್ಕಿ ಹಾರೋ ದಾರಿ ಅಂತೀರಿ. ಯಾವ ಹಕ್ಕಿರಿ ಅದು, ಬಾವ್ಯಾಗ ಬಿದ್ದು ಎದ್ದು ಹೋಗೋದು?"

ನಾನು ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅಲ್ಲಿ ಕುಳಿತಾಗಲೇ, ಇಷ್ಟು ವರ್ಷ ಊರ ಗಡಿಗಳನ್ನು ಅಳೆಯಲು ಬಳಸಿದ ರೀತಿ ನೆನಪಿಗೆ ಬಂತು. ನೇರ ದಾರಿಯಲ್ಲಿ ನಡೆಯುವ ಅಗತ್ಯವೇ ಇಲ್ಲ. ಬಂಡಿಯ ದಾರಿ ಹಿಡಿದು ಅಳೆಯುತ್ತ ಹೋಗುವುದು, ದಾರಿ ತಿರುಗಿದಲ್ಲೆಲ್ಲ ದಿಕ್ಸೂಚಿ ಇಟ್ಟು ಎಷ್ಟು ತಿರುಗಿತು ಎಂದು ಬರೆದುಕೊಳ್ಳುವುದು. ಕೊನೆಗೆ ಆ ವಕ್ರ ದಾರಿಯನ್ನೆಲ್ಲ ಕಾಗದದ ಮೇಲೆ ಇಳಿಸಿ, ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದು ಅದನ್ನು ಅಳೆದರೆ ಆಯಿತು. ಕಾಗದದ ಮೇಲೆ ಬಾವಿ ಇಲ್ಲ, ಕವಣೆಯವನೂ ಇಲ್ಲ.

ಹಾಗೆ ಅಳೆಯುತ್ತ ಮಸ್ಕಿ ದಾಟಿ ಸಿಂಧನೂರಿಗೆ ಮುಟ್ಟಿದೆವು. ಅಷ್ಟರಲ್ಲಿ ಹೊಸ ಚಿಂತೆ ಹುಟ್ಟಿತು. ಎಳೆದೆಳೆದು ಸರಪಳಿಯ ಕೊಂಡಿಗಳು ಹಿಗ್ಗಿದ್ದರೆ? ಕಚೇರಿಯಲ್ಲಿಟ್ಟ ಅಸಲಿ ಅಳತೆಗೆ ಹಿಡಿದು ನೋಡಿದರೆ ಕೂದಲೆಳೆಯಷ್ಟು ಹಿಗ್ಗಿತ್ತು. ಆ ಕೂದಲೆಳೆಯನ್ನು ಅಷ್ಟೂ ದೂರಕ್ಕೆ ಗುಣಿಸಿ ಸೇರಿಸಿದೆ. ಬಿಸಿಲಿಗೆ ಕಾಗದ ಸುಕ್ಕಾಗಿದ್ದರೆ ಎಂದು ಅದನ್ನು ಹಲಗೆಗೆ ಅಂಟಿಸಿ ಮತ್ತೆ ಅಳೆದೆ. ಎಲ್ಲ ಮುಗಿದ ಮೇಲೆ ಮೂವತ್ತೆರಡು ಮೈಲು ಬಂತು.

ವಿಮಾನದ ವೇಗ ಗಂಟೆಗೆ ತೊಂಬತ್ತು ಮೈಲು ಎಂದು ತಂತಿ ಬಂದಿತ್ತು. ಭಾಗಿಸಿದೆ. ಇಪ್ಪತ್ತೊಂದು ನಿಮಿಷ, ಮೇಲೆ ಒಂದಿಷ್ಟು ಚೂರು. ಅಲ್ಲಿಗೆ ನಿಲ್ಲಿಸುವವನಾಗಿದ್ದರೆ ನಾನು ನಾನಾಗುತ್ತಿರಲಿಲ್ಲ. ಮೂಡಗಾಳಿ ಎದುರಾದರೆ? ಒಂದು ನಿಮಿಷ ಸೇರಿಸಿದೆ. ಮೇಲೇರಲು ಹೊತ್ತು ಹಿಡಿದರೆ? ಇನ್ನೊಂದು. ಮಸ್ಕಿಯ ಗುಡ್ಡ ಕಂಡು ಚಾಲಕ ತುಸು ಸುತ್ತಿ ಹೋದರೆ? ಮತ್ತೊಂದು. ಕೊನೆಯ ನಿಮಿಷಕ್ಕೆ ಕಾರಣವೇ ಹೊಳೆಯಲಿಲ್ಲ, ಸುಮ್ಮನೆ ಸೇರಿಸಿದೆ. ವರದಿಯಲ್ಲಿ ಇಪ್ಪತ್ತೈದು ಎಂದು ಬರೆದು ಸಹಿ ಹಾಕಿದಾಗ ಮನಸ್ಸಿಗೆ ಹಿತವಾಯಿತು. ಹೊಗೆ ಹಾಕುವವರಿಗೂ ಅದೇ ಲೆಕ್ಕ ಹೋಯಿತು.

ಹಾರುವ ದಿನ ಹತ್ತಿರ ಬಂದಾಗ ಸಿಂಧನೂರಿಗೆ ಹೋಗಿ ಸುಣ್ಣದ ಗೆರೆ ಹಾಕಿಸಿದೆ. ಮೈದಾನದ ನಡುವೆ ಗೂಟ ಬಡಿದು, ಹಗ್ಗ ಕಟ್ಟಿ, ಸರಪಳಿಯವನನ್ನು ಸುತ್ತ ತಿರುಗಿಸಿ ದುಂಡಗೆ ಗುರುತು ಮಾಡಿ, ಅದರ ಮೇಲೆ ಮೊಳದಗಲ ಸುಣ್ಣ ಸುರಿಸಿದ್ದಾಯಿತು. ಪಕ್ಕದಲ್ಲೇ ಸಾಲಗುಂದದ ಕಡೆ ಹೋಗುವ ದಾರಿ. ಆ ದಾರಿಯಲ್ಲಿ ಹೊಲವಿದ್ದ ಒಬ್ಬ ಅಜ್ಜಿ ಬುಟ್ಟಿ ಇಳಿಸಿ ನಿಂತು ನಮ್ಮ ಕೆಲಸ ನೋಡಿದಳು.

"ಏನಪಾ ಇದು? ರಾಶಿ ಇಲ್ಲದ ಕಣಕ್ಕ ಗೆರಿ ಎಳದೀರಿ?"

ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ನಮ್ಮ ಕಡೆ ಜೋಳ ತೂರಿ ಕಣದಲ್ಲಿ ರಾಶಿ ಮಾಡಿದ ಮೇಲೆ ಅದರ ಸುತ್ತ ಬೂದಿಯ ಗೆರೆ ಎಳೆಯುತ್ತಾರೆ. ಅಳೆದು ಮುಗಿಯುವವರೆಗೆ ಗೆರೆ ಅಳಿಸುವಂತಿಲ್ಲ, ಚಪ್ಪಲಿ ಹಾಕಿ ಕಣ ತುಳಿಯುವಂತಿಲ್ಲ, ಮಾತೂ ಆಡುವಂತಿಲ್ಲ.

"ಇದು ಸರ್ಕಾರದ್ದು, ಯವ್ವಾ," ಎಂದೆ.

"ಸರ್ಕಾರದ ರಾಶಿ ಎಲ್ಲೈತಿ?"

"ಬರ್ತೈತಿ."

"ಎಲ್ಲಿಂದ?"

ಬಾಯಿ ಬಿಡಬೇಡಿ ಎಂದು ಸಾಹೇಬರು ಹೇಳಿದ್ದರು, ಬಿಡಲಿಲ್ಲ. ಆದರೆ ಕಣ್ಣು ತಾನಾಗಿಯೇ ಆಕಾಶದ ಕಡೆ ಹೋಯಿತು. ಅಜ್ಜಿಯೂ ಆಕಾಶ ನೋಡಿದಳು.

"ಮ್ಯಾಲಿಂದನಾ? ಇದನ್ನ ಹಾಕಿದ್ರ ಒಳ್ಳೇದಾಕ್ಕೈತೇನು?"

"ಆಗಲಿ ಅಂತಾನ ಹಾಕೋದು, ಯವ್ವಾ," ಎಂದೆ. ಅವಳು ಹೋದರೆ ಸಾಕಾಗಿತ್ತು.

"ಬೂದಿಗಿಂತ ಸುಣ್ಣ ಚಲೋ ಅಂತೀ ಹಂಗಾರ. ಉಳದಿದ್ದು ಒಯ್ಯಲೇನು?"

"ಒಯ್ಯಿ."

ಸುಣ್ಣವನ್ನಷ್ಟೇ ಅಲ್ಲ, ಸುದ್ದಿಯನ್ನೂ ಒಯ್ದಳು. ಅತ್ತ ನನ್ನ ಸರಪಳಿಯವನು, ನಾನು ಎರಡು ದಿನ ಸಿಂಧನೂರಿನಲ್ಲಿ ಉಳಿದಾಗ, ಊರಿಗೆ ಹೋಗಿ ಬರುವ ದಾರಿಯುದ್ದಕ್ಕೂ ಸರ್ಕಾರದ ಹೊಸ ಗೆರೆಯನ್ನು ಬಣ್ಣಿಸಿದ್ದ. ಹಗ್ಗದ ಉದ್ದವನ್ನೂ ಹೇಳಿದ್ದ. ಗುಟ್ಟು ಬಿಟ್ಟುಕೊಟ್ಟಿರಲಿಲ್ಲ ಎಂಬುದನ್ನು ಒಪ್ಪಬೇಕು, ಏಕೆಂದರೆ ಅವನಿಗೂ ಅದು ಏತಕ್ಕೆಂದು ನಾನು ಹೇಳಿರಲಿಲ್ಲ.

ಹಾರುವ ಹಿಂದಿನ ದಿನ ಮನೆಗೆ ಮರಳುವಾಗ ಮಸ್ಕಿಯ ಗುಡ್ಡ ಹತ್ತಿದೆ. ಕಟ್ಟಿದ ಬಟ್ಟೆ ಬಿಚ್ಚಬೇಕಿತ್ತು, ಅದು ವಿಮಾನಕ್ಕೆ ಸಿಕ್ಕಿಕೊಂಡರೆ ಎಂಬ ಚಿಂತೆ ಎರಡು ದಿನದಿಂದ ಇತ್ತು. ಬಟ್ಟೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಕೆಳಗೆ ನೋಡಿದವನು ಅಲ್ಲೇ ಕುಳಿತೆ. ಬಯಲ ತುಂಬ ಬಿಳಿ ದುಂಡುಗಳು. ಈ ಹೊಲದಲ್ಲೊಂದು, ಆ ಹೊಲದಲ್ಲೊಂದು. ಬೂದಿಯದಲ್ಲ, ಅಪ್ಪಟ ಸುಣ್ಣದವು. ರಾಶಿಯ ಸುತ್ತ ಅಲ್ಲ, ಇಡೀ ಕಣದ ಸುತ್ತ, ನನ್ನದೇ ಹಗ್ಗದ ಅಳತೆಗೆ.

"ಭಾಳ ಚಂದ ಕಾಣತಾವಲ್ರಿ," ಎಂದ ಸರಪಳಿಯವನು.

"ಸಿಂಧನೂರಿನ ಕಡೆಗೂ ಹಿಂಗ ಹಾಕ್ಯಾರೇನೋ?"

"ಅಲ್ಲಿ ಇನ್ನೂ ಚಂದ ಹಾಕ್ಯಾರಂತ್ರಿ. ಶುರುವಾಗಿದ್ದ ಅಲ್ಲೇ ಅಲ್ರಿ?"

ತಹಸೀಲ್ದಾರ ಸಾಹೇಬರಿಗೆ ಹೇಳಿದಾಗ ಅವರು ಊಟಕ್ಕೆ ಏಳುವ ತಯಾರಿಯಲ್ಲಿದ್ದರು. "ಎಲ್ಲಾ ಅಳಿಸಿಬಿಡ್ರಿ. ಹುಕುಂ ಅಂತ ಹೇಳ್ರಿ."

"ಹುಜೂರ್, ರಾಶಿ ಅಳೆಯೂಮಟಾ ಯಾರೂ ಅಳಸಗೊಡಂಗಿಲ್ರಿ. ಒಂದಲ್ಲ, ಎರಡಲ್ಲ. ನಾಳೆ ಮುಂಜಾನೆ ಜಹಾಜು."

"ಮತ್ತ ಏನ್ ಮಾಡೂದು?"

ಸಣ್ಣಪುಟ್ಟ ವಿಷಯಕ್ಕೆ ವಾರಗಟ್ಟಲೆ ಯೋಚಿಸುವ ನಾನು ಆ ಮಾತನ್ನು ಯೋಚಿಸದೇ ಆಡಿಬಿಟ್ಟೆ. "ನಮ್ಮ ಗೆರಿ ಯಾವುದು ಅಂತ ಅದನ್ನ ಹಾಕಿದವ್ರಿಗೇ ಗೊತ್ತಾಗಬೇಕು. ನಾನಽ ಜಹಾಜಿನ್ಯಾಗ ಕುಂತು ತೋರಸತೀನ್ರಿ."

ಸಾಹೇಬರ ಮುಖ ಅರಳಿತು. "ಶಾಬಾಸ್! ಹಂಗ ಮಾಡ್ರಿ. ಏನರ ಹೆಚ್ಚುಕಮ್ಮಿ ಆದ್ರ ನಿಮ್ಮ ಮ್ಯಾಲೆ ವಿಚಾರಣೆ ಮಾಡೋ ತಕಲೀಫೂ ಇರಂಗಿಲ್ಲ."

ಮನೆಯಲ್ಲಿ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. "ಬಂಡಿ ಇಳಿಜಾರಿನ್ಯಾಗ ಹೊಂಟ್ರ ಕೆಳಗಿಳದು ನಡೀತೀರಿ ನೀವು. ಅದು ಇಳಿಜಾರಿನ್ಯಾಗ ಹೊಂಟ್ರ ಏನ್ ಮಾಡಾವ್ರು?"

ನಾನು ಹೊರಗೆ ಬಂದೆ. ಸರಪಳಿಯವನಿಗೆ, ನಾನು ಹಾರಿ ಬರುತ್ತೇನೆ, ನೀನು ಸಾಮಾನು ತೆಗೆದುಕೊಂಡು ಮುಂಜಾನೆಯ ಸರ್ವಿಸ್ ಮೋಟಾರಿಗೆ ಸಿಂಧನೂರಿಗೆ ಬಾ ಎಂದು ಹೇಳಿದೆ.

"ಆತ್ರಿ. ಯಾರರ ಒಬ್ರು ನೆಲದ ಮ್ಯಾಲೆ ಇದ್ರ ಛಲೋ," ಎಂದು ಅವನು ನನ್ನ ಕಡೆ ನೋಡಿದ. ಅವನು ಅಷ್ಟು ಕನಿಕರದಿಂದ ನನ್ನನ್ನು ಎಂದೂ ನೋಡಿರಲಿಲ್ಲ.

ಮರುದಿನ ವಿಮಾನ ಬಂತು. ಮುಂದೆ ಚಾಲಕ, ಹೈದರಾಬಾದಿನ ತರುಣ. ಹಿಂದೆ ಎರಡು ಆಸನ. ಒಂದರಲ್ಲಿ ದೊಡ್ಡ ಸಾಹೇಬರು, ಇನ್ನೊಂದರಲ್ಲಿ ರುಮಾಲನ್ನು ಗದ್ದದ ಕೆಳಗೆ ಗಂಟು ಹಾಕಿಕೊಂಡ ನಾನು. ಅದು ಓಡಲು ಶುರು ಮಾಡಿದಾಗ ಕಣ್ಣು ಮುಚ್ಚಿದೆ. ತೆರೆದಾಗ ಲಿಂಗಸುಗೂರು ನನ್ನದೇ ನಕಾಶೆಯ ಹಾಗೆ ಕೆಳಗೆ ಹರಡಿಕೊಂಡಿತ್ತು. ನನಗೆ ಸಂತೋಷವಾಗಬೇಕಿತ್ತು. ಆದರೆ ನಕಾಶೆ ಮಡಚಿ ಜೇಬಿನಲ್ಲಿಡಬಹುದು, ಇದರೊಳಗೆ ಬೀಳಬಹುದು.

ವಾರಗಟ್ಟಲೆ ತುಳಿದ ದಾರಿ ಒಂದು ದಾರದ ಎಳೆಯಷ್ಟಾಗಿ ಹಿಂದೆ ಸರಿಯಿತು. ಕವಣೆಯವನ ಹೊಲ ಯಾವುದೆಂದು ಹುಡುಕುವುದರೊಳಗೆ ಅದು ದಾಟಿಹೋಗಿತ್ತು. ಮಸ್ಕಿಯ ಗುಡ್ಡ ಬಂದಾಗ ಸಾಹೇಬರ ಮೊಣಕೈ ಪಕ್ಕದಲ್ಲಿ ಬಗ್ಗಿ ಅವರ ಗಡಿಯಾರ ನೋಡಿದೆ. ಇಪ್ಪತ್ತೊಂದರ ಲೆಕ್ಕದಲ್ಲಿ ಎಲ್ಲಿರಬೇಕೋ ಸರಿಯಾಗಿ ಅಲ್ಲೇ ಇದ್ದೆವು. ಎದುರುಗಾಳಿ ಇರಲಿಲ್ಲ. ಚಾಲಕ ಗುಡ್ಡವನ್ನು ಸುತ್ತಲಿಲ್ಲ. ನಾನು ಸೇರಿಸಿದ ಯಾವ ನಿಮಿಷವೂ ಖರ್ಚಾಗಿರಲಿಲ್ಲ. ಅಲ್ಲಿಂದ ಮುಂದೆ ನನಗೆ ಬೀಳುವ ಭಯ ಹೋಗಿ ತಲುಪುವ ಭಯ ಹಿಡಿಯಿತು. ಇಪ್ಪತ್ತೊಂದಕ್ಕೆ ಊರು ಬರುತ್ತದೆ. ಹೊಗೆ ಏಳುವುದು ಇಪ್ಪತ್ತೈದಕ್ಕೆ.

ಊರು ಬಂತು. ಸುತ್ತಮುತ್ತ ಬಿಳಿ ದುಂಡುಗಳೂ ಬಂದವು. ಹೊಗೆ ಇಲ್ಲ.

ಚಾಲಕ ಹಿಂದೆ ತಿರುಗಿ ಉರ್ದುವಿನಲ್ಲಿ ಕೂಗಿದ. "ಇವುಗಳಲ್ಲಿ ನಮ್ಮದು ಯಾವುದು? ಇನ್ನೂ ನಾಲ್ಕು ನಿಮಿಷ ಇದೆಯಲ್ಲ, ಮುಂದೆ ಹೋಗಲೇ?"

ನಾಲ್ಕು ನಿಮಿಷ ಎಂದರೆ ಆರು ಮೈಲು. ಅಲ್ಲಿ ಮೈದಾನವೂ ಇಲ್ಲ, ಗುರುತಿನವರೂ ಇಲ್ಲ. ದುಂಡುಗಳು ಮಾತ್ರ ಖಂಡಿತ ಇರುತ್ತವೆ. ಸುಮ್ಮನಿದ್ದರೆ ವರದಿ ಸರಿಯಾಗಿ ಉಳಿಯುತ್ತದೆ, ಸಾಹೇಬರು ಉಳಿಯುತ್ತಾರೋ ಇಲ್ಲವೋ ಹೇಳಲಾಗದು.

"ಆ ನಾಲ್ಕು ಸುಳ್ಳು! ಇಲ್ಲೇ, ಇಲ್ಲೇ ಇಳಿಸಿ!" ಎಂದು ಕೂಗಿದೆ. ಸಾಹೇಬರು ನನ್ನ ಕಡೆ ತಿರುಗಿದರು. ನಾನು ಅವರ ಕಡೆ ತಿರುಗಲಿಲ್ಲ.

ಈಗ ದುಂಡನ್ನು ಆರಿಸಬೇಕು. ಮೇಲಿನಿಂದ ನೋಡಿದರೆ ನಾನೇ ಹಾಕಿದ ಗೆರೆ ನನಗೇ ತಿಳಿಯಲಿಲ್ಲ. ಎಲ್ಲದರಲ್ಲೂ ಏನೋ ಒಂದು ಗುಡ್ಡೆ ಕಾಣುತ್ತಿತ್ತು, ನಮ್ಮದರ ಅಂಚಿನಲ್ಲೂ ಹೊಗೆಗೆಂದು ಒಟ್ಟಿದ ಹುಲ್ಲು ಇರಬೇಕಿತ್ತು. ಹತ್ತಿರ ಹತ್ತಿರ ಇದ್ದ ಎರಡು ದುಂಡುಗಳಲ್ಲಿ ಒಂದು ನಮ್ಮದೆಂದು ಮಾತ್ರ ಖಾತ್ರಿಯಿತ್ತು. ಒಂದರೊಳಗೆ ಜನ ದಿಕ್ಕಾಪಾಲಾಗಿ ಓಡುತ್ತಿದ್ದರು. ಇನ್ನೊಂದರಲ್ಲಿ ಸಾಲಾಗಿ, ಶಿಸ್ತಿನಿಂದ, ಅಲುಗಾಡದೆ ಕುಳಿತಿದ್ದರು. ದೊಡ್ಡ ಸಾಹೇಬರ ಸ್ವಾಗತಕ್ಕೆ ಬಂದವರು ಹೇಗಿರುತ್ತಾರೆ? ಶಿಸ್ತಿನಿಂದ ಕುಳಿತದ್ದನ್ನು ತೋರಿಸಿದೆ.

ತೀರ ಕೆಳಗೆ ಬಂದ ಮೇಲೆ ದುಂಡಿನ ನಡುವೆ ಇದ್ದದ್ದು ಜೋಳದ ರಾಶಿ ಎಂದು ಕಂಡಿತು. ಚಾಲಕ ಬೈದದ್ದು ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ, ಅವನ ಹಿಂದಲೆ ನೋಡಿ ತಿಳಿಯಿತು. ಅವನು ಹೇಗೋ ಹೊರಳಿಸಿ, ಕಣದ ಪಕ್ಕದಲ್ಲಿ ದನ ಮೇಯುವ ಗಾಯರಾಣದ ಗಟ್ಟಿ ನೆಲದ ಮೇಲೆ ಎಗರಿಸಿ ಎಗರಿಸಿ ನಿಲ್ಲಿಸಿದ. ಮೂವರೂ ಇಡಿಯಾಗಿದ್ದೆವು.

ಕಣದಲ್ಲಿ ಕುಳಿತವರು ಎದ್ದು ಓಡಲಿಲ್ಲ. ರಾಶಿ ಅಳೆಯುವುದು ಆಗತಾನೆ ಶುರುವಾಗಿತ್ತು. ದೊಡ್ಡ ಸಾಹೇಬರು ಇಳಿದು, ಕೋಟು ಕೊಡವಿಕೊಂಡು, ಬೂಟು ಟಪಟಪ ಎನ್ನಿಸುತ್ತ ಸುಣ್ಣದ ಗೆರೆಯ ಕಡೆ ನಡೆದರು. ಗೆರೆಯ ಮೇಲೆ ಎದ್ದು ನಿಂತವಳು ಅದೇ ಅಜ್ಜಿ. ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಅದೇ ಬೆರಳಿನಿಂದ ಬೂಟು ತೋರಿಸಿದಳು.

ಸಾಹೇಬರು ನನ್ನ ಕಡೆ ನೋಡಿದರು. ನಾನು ಆಗಲೇ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದೆ. ಅವರು ನೆಲದ ಮೇಲೆ ಕುಳಿತು ಬೂಟು ಬಿಚ್ಚಿದರು. ಅಜ್ಜಿ ಕಂಬಳಿಯ ತುದಿ ತೋರಿಸಿದಳು. ಸಾಹೇಬರು, ಚಾಲಕ, ನಾನು ಸಾಲಾಗಿ, ಶಿಸ್ತಿನಿಂದ, ಅಲುಗಾಡದೆ ಕುಳಿತೆವು.

ಸ್ವಲ್ಪ ಹೊತ್ತಿಗೆ ಅತ್ತ ಮೈದಾನದಲ್ಲಿ, ಕೂಗಳತೆಗಿಂತ ತುಸು ಆಚೆ, ದಟ್ಟವಾಗಿ ಹೊಗೆ ಎದ್ದಿತು. ಸಾಹೇಬರು ಗಡಿಯಾರ ನೋಡಿಕೊಂಡರು. ಸರಿಯಾಗಿ ಇಪ್ಪತ್ತೈದು. ಸರ್ಕಾರಿ ಕೆಲಸ ಅಷ್ಟು ಕರಾರುವಾಕ್ಕಾಗಿ ನಡೆದದ್ದನ್ನು ನನ್ನ ನೌಕರಿಯಲ್ಲಿ ನಾನು ಅದೊಂದೇ ಸಲ ಕಂಡದ್ದು.

ಹೊಗೆಯ ಹಿಂದೆಯೇ ಸಿಂಧನೂರಿನ ಅಧಿಕಾರಿಗಳು ಹಾರ ಹಿಡಿದು ಓಡಿ ಬಂದರು. ಅಜ್ಜಿ ಅವರಿಗೂ ಬೆರಳು ತೋರಿಸಿದಳು. ಅವರೂ ಬೂಟು ಬಿಚ್ಚಿ, ಹಾರಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕೊಳಗದಿಂದ ಜೋಳ ಚೀಲಕ್ಕೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನ್ನ ನೌಕರಿ ಹೋಯಿತೆಂದು ಖಚಿತವಾಗಿದ್ದರಿಂದ ನನಗೆ ಒಂದು ರೀತಿಯ ಸಮಾಧಾನವೇ ಆಗಿತ್ತು. ರಾಶಿ ದೊಡ್ಡದಿತ್ತು. ಸುಣ್ಣದ ಗುಣ ಎಂದು ಆಮೇಲೆ ಅಜ್ಜಿ ಹೇಳಿದಳಂತೆ.

ಮಧ್ಯಾಹ್ನ ತಿರುಗಿದ ಮೇಲೆ ಅಳತೆ ಮುಗಿಯಿತು. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲ. ಅಜ್ಜಿ ಮೊರದ ತುಂಬ ಜೋಳ ತಂದು ಸಾಹೇಬರ ಮುಂದೆ ಹಿಡಿದಳು. ಉಡಿಯೊಡ್ಡಲು ಅವರಿಗೆ ಧೋತರವಾಗಲಿ ಶಲ್ಯವಾಗಲಿ ಇರಲಿಲ್ಲ. ಟೋಪಿ ತೆಗೆದು ಒಡ್ಡಿದರು. ಅದು ತುಂಬಿತು. ಆಮೇಲೆ ಅಜ್ಜಿ ನನ್ನ ಗುರುತು ಹಿಡಿದಳು.

"ಹೇಳಿದಂಗ ಮ್ಯಾಲಿಂದ ಬಂತು ನೋಡಪಾ." ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸರ್ಕಾರದ ರಾಶಿ ಅಂದ್ರ ಇಷ್ಟಽನಾ?"

ಸಾಹೇಬರಿಗೆ ಕನ್ನಡ ಬಾರದಿದ್ದುದು ನನ್ನ ಪುಣ್ಯ. ಆದರೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಜೋಳದ ಚೀಲ ಹೇರಿದ ಅಜ್ಜಿಯ ಬಂಡಿಯಲ್ಲಿ, ಬೂಟು ಚಪ್ಪಲಿ ಹಾಕದೆಯೇ, ಊರ ಕಡೆ ಹೊರಟಾಗ ಟೋಪಿಯನ್ನು ಎದೆಗವಚಿಕೊಂಡು ಉರ್ದುವಿನಲ್ಲಿ ಕೇಳಿದರು. "ಹಾರಿದ್ದು ಇಪ್ಪತ್ತೊಂದು ನಿಮಿಷ, ನಾನೇ ನೋಡಿದ್ದೇನೆ. ನಿನ್ನ ಲೆಕ್ಕ ಎಷ್ಟು ಬಂದಿತ್ತು?"

"ಇಪ್ಪತ್ತೊಂದು, ಹುಜೂರ್."

"ಮತ್ತೆ ಆ ನಾಲ್ಕು ನಿಮಿಷ ಯಾರದು?"

ಗದ್ದದ ಕೆಳಗಿನ ರುಮಾಲಿನ ಗಂಟು ಬಿಚ್ಚಿಕೊಂಡೆ. "ನನ್ನ ಭಯದ್ದು, ಹುಜೂರ್."

ಅವರು ಜೋಳದಲ್ಲಿ ಕೈಯಾಡಿಸಿದರು. ಊರು ಬರುವ ಹೊತ್ತಿಗೆ ಹೇಳಿದರು. "ಅಳತೆ ಮಾಡುವವರು ನನ್ನ ಹತ್ತಿರ ಬೇಕಾದಷ್ಟು ಜನ ಇದ್ದಾರೆ. ಸರಿಯಾಗಿ ಅಳೆಯುವವರು ಕಡಿಮೆ. ಇನ್ನು ಮೇಲೆ ಭಯವನ್ನು ಬೇರೆ ಕಾಲಮಿನಲ್ಲಿ ಬರೆ. ಕೂಡಿಸಬೇಡ."

ನೌಕರಿ ಉಳಿದಿತ್ತು. ಬಂಡಿ ಇಳಿಜಾರಿನಲ್ಲಿತ್ತು. ಆ ದಿನ ನಾನು ಕೆಳಗಿಳಿಯಲಿಲ್ಲ.

ಊರೊಳಗೆ ಮೋಟಾರು ನಿಲ್ಲುವ ಜಾಗದ ಖಾನಾವಳಿಯ ಮುಂದೆ ನನ್ನ ಸರಪಳಿಯವನು ಸರಪಳಿಯನ್ನು ತಲೆದಿಂಬು ಮಾಡಿಕೊಂಡು ಅಡ್ಡಾಗಿದ್ದ. ಊಟ ಮಾಡಿ, ಎಲೆಯಡಿಕೆ ಹಾಕಿ, ಒಂದು ನಿದ್ದೆಯನ್ನೂ ಮುಗಿಸಿದಂತಿತ್ತು. ಬಂಡಿಯಲ್ಲಿ ಬರಿಗಾಲಲ್ಲಿ ಕುಳಿತ ನಮ್ಮ ಸಾಲನ್ನು ಕಂಡು ಎದ್ದು ಕುಳಿತ.

"ಈಗ ಬಂದ್ರೇನ್ರಿ, ಸಾಹೇಬ್ರ?" ಎಂದ. "ಹಾರಿ ಬರ್ತೀನಂದಿದ್ರಿ. ಭಾಳ ತಡಾ ಆತಲ್ರಿ, ನಡಕೊಂತ ಬಂದ್ರೇನು?"